ಗೇರ್ ಬುಡದ ಚರ್ಮ

"ಗುರುಗಳೇ, ನನ್ನದನ್ನು ನಾನು ಹಿಂದಕ್ಕೆ ತೆಗೆದುಕೊಂಡರೆ ಅದು ತಪ್ಪಾಗುತ್ತದೆಯೇ?" ಎಂದು ಮರುಳಸಿದ್ಧ ಕೇಳಿದ.

ಗುರುಗಳು ಬತ್ತಿ ಹೊಸೆಯುತ್ತಿದ್ದರು. "ಏನನ್ನು ತೆಗೆದುಕೊಂಡೆ?" ಎಂದರು.

ಮಠದಲ್ಲಿ ಕರಿಬಸಯ್ಯನವರೆಂಬ ಹಿರಿಯರಿದ್ದರು. ಅವರ ಕಣ್ಣು ಮಂಜಾಗಿತ್ತು. ದಿನವೂ ಬೆಳಿಗ್ಗೆ ಮರುಳಸಿದ್ಧ ಅವರ ಕೈ ಹಿಡಿದು ಕಲ್ಯಾಣಿಯ ಮೆಟ್ಟಿಲು ಇಳಿಸುತ್ತಿದ್ದ. ಹೋದ ವಾರ ಅವರು ಎಲ್ಲರ ಎದುರಿಗೆ ಅವನನ್ನು ದಡ್ಡ ಎಂದರು. ಮಾರನೆಯ ಬೆಳಿಗ್ಗೆಯಿಂದ ಅವನು ಹೋಗುವುದನ್ನು ಬಿಟ್ಟ.

"ನಾನು ಎದುರು ಮಾತಾಡಲಿಲ್ಲ. ಅವರಿಗೆ ಕೆಡುಕು ಬಯಸಲಿಲ್ಲ. ನನ್ನ ಕೈ, ನಾನು ಕೊಟ್ಟಿದ್ದೆ. ಈಗ ಕೊಡುತ್ತಿಲ್ಲ, ಅಷ್ಟೆ. ನಾನು ಮಠಕ್ಕೆ ಬರುವ ಮೊದಲೂ ಅವರು ಆ ಮೆಟ್ಟಿಲು ಇಳಿಯುತ್ತಿದ್ದರಲ್ಲವೇ?"

ಗುರುಗಳು ಬತ್ತಿಗಳನ್ನು ಪಕ್ಕಕ್ಕೆ ಸರಿಸಿದರು. ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಇಬ್ಬರು ಷಡ್ಡಕರಿದ್ದರು. ಅಕ್ಕನನ್ನು ಮದುವೆಯಾದವನು ಹಿರಿಯ, ತಂಗಿಯನ್ನು ಮದುವೆಯಾದವನು ಕಿರಿಯ. ಅವರ ಮಾವನಿಗೆ ಗಂಡುಮಕ್ಕಳಿರಲಿಲ್ಲ. ವಯಸ್ಸಾದ ಮೇಲೆ ಅವನು ತನ್ನ ಲಾರಿಯನ್ನು ಇಬ್ಬರು ಅಳಿಯಂದಿರಿಗೂ ಸೇರಿಸಿ ಕೊಟ್ಟ. ಒಂದು ವಾರ ಹಿರಿಯವನು ಓಡಿಸುವುದು, ಮುಂದಿನ ವಾರ ಕಿರಿಯವನು ಓಡಿಸುವುದು ಎಂದು ಮಾತಾಯಿತು. ಕಲ್ಲುಗಣಿಯಿಂದ ಸುಣ್ಣದ ಕಲ್ಲು ಹೇರಿಕೊಂಡು, ಒಂದು ಗುಡ್ಡ ಹತ್ತಿ ಇಳಿದು, ಆಚೆ ಇದ್ದ ಸುಣ್ಣದ ಗೂಡುಗಳಿಗೆ ಹಾಕಬೇಕು. ಅದರಿಂದಲೇ ಎರಡು ಮನೆಯ ಒಲೆ ಉರಿಯುತ್ತಿತ್ತು.

ಹಿರಿಯವನು ಮಾತು ಕಡಿಮೆ ಆಡುವವನು. ಮಾಡಿದ ಕೆಲಸವನ್ನು ತಾನಾಗಿ ಹೇಳಿಕೊಳ್ಳುತ್ತಿರಲಿಲ್ಲ. ಆದರೆ ಬೇರೆಯವರು ಹೇಳಲಿ ಎಂದು ಒಳಗೊಳಗೇ ಕಾಯುತ್ತಿದ್ದ. ಕಿರಿಯವನ ಬಾಯಿಗೆ ಬೀಗವಿರಲಿಲ್ಲ. ನಗುತ್ತಿದ್ದ, ನಗಿಸುತ್ತಿದ್ದ, ಆಡಿದ್ದನ್ನು ಅಲ್ಲೇ ಮರೆಯುತ್ತಿದ್ದ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಪ್ರೀತಿಯೇ ಇತ್ತು. ಕಿರಿಯವನು ಹಿರಿಯವನನ್ನು ಅಣ್ಣ ಎಂದು ಕರೆಯುತ್ತಿದ್ದ, ಹಾಗೇ ನಡೆದುಕೊಳ್ಳುತ್ತಿದ್ದ.

ಲಾರಿ ಬಹಳ ಹಳೆಯದು. ಮುಂದಕ್ಕೆ ಚಾಚಿದ ಮೂತಿ, ಹಲಗೆಯ ನೆಲ. ಓಡಿಸುವವನ ಕಾಲಿನ ಬಳಿ ಆ ಹಲಗೆಯನ್ನು ಕೊರೆದಿದ್ದರು. ಒಂದು ದುಂಡು ತೂತಿನಿಂದ ಗೇರ್ ರಾಡು ಮೇಲೆ ಬಂದಿತ್ತು. ಪಕ್ಕದಲ್ಲಿದ್ದ ಉದ್ದನೆಯ ಸೀಳಿನಿಂದ ಹ್ಯಾಂಡ್‌ಬ್ರೇಕು ಬಂದಿತ್ತು. ಮೊದಲು ಅವುಗಳ ಬುಡಕ್ಕೆ ಹಾಕಿದ್ದ ರಬ್ಬರು ಮಾವನ ಕಾಲದಲ್ಲೇ ಒಣಗಿ ಪುಡಿಯಾಗಿತ್ತು. ಬೇಸಿಗೆಯಲ್ಲಿ ಆ ತೂತುಗಳಿಂದ ಇಂಜಿನ್ನಿನ ಕಾವು ಬರುತ್ತಿತ್ತು, ಮಳೆಗಾಲದಲ್ಲಿ ಕೆಸರು ನೀರು ಚಿಮ್ಮುತ್ತಿತ್ತು. ವರ್ಷವಿಡೀ ಹೊಗೆ ಬರುತ್ತಿತ್ತು, ಯಾಕೆಂದರೆ ಕೆಳಗೆ ಹೊಗೆ ಪೈಪಿನ ಕೂಡಿಕೆ ಸಡಿಲವಾಗಿತ್ತು. ಬಾಗಿಲುಗಳಿಗೆ ಗಾಜು ಇರಲಿಲ್ಲ. ನೆಲದಿಂದ ಬಂದ ಹೊಗೆ ಕಿಟಕಿಯಿಂದ ಹೊರಗೆ ಹೋಗುತ್ತಿತ್ತು. ಇಬ್ಬರೂ ಕೆಮ್ಮುತ್ತಲೇ ಓಡಿಸುತ್ತಿದ್ದರು.

ಆ ತೂತುಗಳಿಗೆ ಅವರು ಗೋಣಿಬಟ್ಟೆ ತುರುಕುತ್ತಿದ್ದರು. ಗೇರು ಬದಲಿಸಿದಾಗಲೆಲ್ಲ ಅದು ಸಡಿಲವಾಗಿ ಕಳಚಿಕೊಳ್ಳುತ್ತಿತ್ತು. ಒಂದು ಸಲ ಆ ಬಟ್ಟೆ ಕಿರಿಯವನ ಬ್ರೇಕಿನ ಪೆಡಲಿನ ಅಡಿಗೆ ಸೇರಿಕೊಂಡಿತು. ಲಾರಿ ಸುಣ್ಣದ ಗೂಡಿನ ಗೋಡೆಗೆ ಮೂತಿ ತಾಗಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಕಿರಿಯವನು ಅದನ್ನೂ ನಗುತ್ತಾ ಹೇಳಿಕೊಂಡು ತಿರುಗಿದ. ಹಿರಿಯವನಿಗೆ ಆ ದಿನ ಊಟ ಸೇರಲಿಲ್ಲ.

ಹಿರಿಯವನ ತಂದೆ ತೋಟಕ್ಕೆ ಕಪಿಲೆ ಹೊಡೆಯುತ್ತಿದ್ದವನು. ಎತ್ತು ಕಟ್ಟಿ ಬಾವಿಯ ನೀರೆಳೆಯುತ್ತಿದ್ದ ಆ ಚರ್ಮದ ಚೀಲ ಅಟ್ಟದ ಮೇಲಿತ್ತು. ತಂದೆ ಬಿಟ್ಟುಹೋದದ್ದು ಎಂದು ಅವನ ಬಳಿ ಉಳಿದಿದ್ದದ್ದು ಅದೊಂದೇ. ಅವನು ಅದನ್ನು ಇಳಿಸಿದ. ಹರಳೆಣ್ಣೆ ತಿಕ್ಕಿ ತಿಕ್ಕಿ ಮೆತ್ತಗೆ ಮಾಡಿದ. ಕಮ್ಮಾರನ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿ ಬರುವಂತೆ ಕತ್ತರಿಸಿ, ಮೇಣ ಹಚ್ಚಿದ ದಾರದಲ್ಲಿ ದಬ್ಬಳದಿಂದ ಹೊಲಿದ. ಮೊದಲ ಸಲ ಬಿಗಿಯಾಯಿತು. ಗೇರ್ ರಾಡು ಹಿಂದಕ್ಕೆ ಹೋಗದೆ ತಡೆಯಿತು. ಹೊಲಿಗೆ ಬಿಚ್ಚಿ, ಇನ್ನಷ್ಟು ಮಡಿಕೆ ಬಿಟ್ಟು ಮತ್ತೆ ಹೊಲಿದ. ಈಗ ರಾಡು ಯಾವ ಕಡೆ ಹೋದರೂ ಚರ್ಮ ಅದರ ಜೊತೆ ಹೋಗುತ್ತಿತ್ತು, ಬುಡದಲ್ಲಿ ಮಾತ್ರ ಸಂದು ಬಿಡುತ್ತಿರಲಿಲ್ಲ. ಅಂಚಿನ ಅಡಿಗೆ ಕಂಬಳಿಯ ತುಂಡಿಟ್ಟು, ಮೇಲೆ ತಗಡಿನ ಬಳೆ ಕೂರಿಸಿ, ಸ್ಕ್ರೂ ಬಿಗಿದ. ಹ್ಯಾಂಡ್‌ಬ್ರೇಕಿನ ಸೀಳಿಗೆ ಟೈರಿನ ಟ್ಯೂಬು ಕತ್ತರಿಸಿ ಎರಡು ಪಟ್ಟಿ ಮಾಡಿದ. ಒಂದರ ಮೇಲೊಂದು ಕೂತ ಆ ಪಟ್ಟಿಗಳು ಬ್ರೇಕಿಗೆ ದಾರಿ ಬಿಟ್ಟು ತಕ್ಷಣ ಮುಚ್ಚಿಕೊಳ್ಳುತ್ತಿದ್ದವು.

ಮುಂದಿನ ವಾರ ಕಿರಿಯವನು ಲಾರಿ ಹತ್ತಿದ. ಸಂಜೆ ಬಂದವನು ತನ್ನ ಅಂಗಿಯ ತೋಳನ್ನು ಹಿರಿಯವನ ಮುಖದ ಹತ್ತಿರ ಹಿಡಿದ.

"ನೋಡಣ್ಣ. ಬೆಳಿಗ್ಗೆ ಹಾಕ್ಕೊಂಡಾಗ ಹೇಗಿತ್ತೋ ಹಾಗೇ ಇದೆ. ಒಂದು ಸಲವೂ ಕೆಮ್ಮಲಿಲ್ಲ ನಾನು."

ಹಿರಿಯವನು ತಲೆಯಾಡಿಸಿದ. ಆ ರಾತ್ರಿ ಅವನು ಚೆನ್ನಾಗಿ ನಿದ್ದೆ ಮಾಡಿದ.

ನೆಲದಿಂದ ಏನೂ ಬಾರದ ಮೇಲೆ ಲಾರಿಯೊಳಗೆ ಕೂರುವುದು ಸುಖವಾಯಿತು. ಕಿರಿಯವನ ಹೆಂಡತಿಗೆ ಇನ್ನೊಂದು ಯೋಚನೆ ಬಂತು. ಮಾಗಿಯಲ್ಲಿ ಗುಡ್ಡದ ಮೇಲೆ ಚಳಿಗಾಳಿ ಬಿಡದೆ ಬೀಸುತ್ತಿತ್ತು. ಗಂಡ ನಡುಗುತ್ತಾ ಮನೆಗೆ ಬರುತ್ತಿದ್ದ. "ಬಾಗಿಲಿಗೆ ಗಾಜು ಹಾಕಿಸಿ" ಎಂದು ಅವಳು ಹಿಡಿದ ಪಟ್ಟು ಬಿಡಲಿಲ್ಲ. ಕಿರಿಯವನು ಹಾಕಿಸಿದ. ಸಂದುಗಳಿಗೆ ರಬ್ಬರಿನ ಪಟ್ಟಿ ಕೂರಿಸಿದ. ಚಳಿ ಒಳಗೆ ಬರುವುದು ನಿಂತಿತು. ಹೊಗೆ ಕಾಣದೆ ಇದ್ದುದರಿಂದ ಕೆಳಗಿನ ಪೈಪಿನ ನೆನಪು ಇಬ್ಬರಿಗೂ ಹೋಯಿತು. ಸಡಿಲವಿದ್ದ ಕೂಡಿಕೆ ನಿಧಾನವಾಗಿ ಬಾಯಿಬಿಟ್ಟುಕೊಂಡಿತು.

ಕಿರಿಯವನಿಗೆ ಗಂಡು ಮಗು ಹುಟ್ಟಿತು. ನಾಮಕರಣಕ್ಕೆ ನೆಂಟರೆಲ್ಲ ಸೇರಿದರು. ಊಟದ ಪಂಕ್ತಿಯಲ್ಲಿ ಲಾರಿಯ ಮಾತು ಬಂತು. ಯಾರೋ ಒಬ್ಬರು, ಒಳಗೆ ಈಗ ಕಾರಿನ ಹಾಗಿದೆಯಂತಲ್ಲ ಎಂದರು. ಹಿರಿಯವನು ಎಲೆಯ ಮೇಲೆ ಕೈಯಿಟ್ಟುಕೊಂಡು, ಕಿರಿಯವನು ಏನು ಹೇಳುತ್ತಾನೆ ಎಂದು ಕಾದ.

"ನಮ್ಮಣ್ಣ ದರ್ಜಿ ಆಗಬೇಕಿತ್ತು" ಎಂದ ಕಿರಿಯವನು. "ಅವನ ಕೈಗೆ ಸ್ಟಿಯರಿಂಗಿಗಿಂತ ಸೂಜಿಯೇ ಚೆಂದ. ಅವನು ಗುಡ್ಡ ಹತ್ತಿಸೋ ಹೊತ್ತಿಗೆ ನಾನು ಇಳಿದು ಬಂದಿರ್ತೀನಿ."

ಪಂಕ್ತಿಯೇ ನಕ್ಕಿತು. ಮಾವ ನೆತ್ತಿ ಹತ್ತುವಷ್ಟು ನಕ್ಕ. ಬಡಿಸುತ್ತಿದ್ದ ಹೆಂಗಸರೂ ಸೆರಗು ಬಾಯಿಗಿಟ್ಟುಕೊಂಡರು. ಹಿರಿಯವನೂ ನಕ್ಕ. ಎಲೆಯಲ್ಲಿದ್ದ ಹೋಳಿಗೆ ಮುಗಿಸಿದ. ಮಗುವಿನ ಕೈಗೆ ಉಡುಗೊರೆ ಕೊಟ್ಟ. ಮನೆಗೆ ಬಂದ ಮೇಲೆ ಕಟ್ಟೆಯ ಮೇಲೆ ಕೂತವನು ಬಹಳ ಹೊತ್ತು ಏಳಲಿಲ್ಲ.

ತಂದೆಯ ಚೀಲವನ್ನು ಕತ್ತರಿಸಿದ್ದು ಅವನಿಗೆ ನೆನಪಾಯಿತು. ದಬ್ಬಳ ಚುಚ್ಚಿಕೊಂಡ ಬೆರಳು ನೆನಪಾಯಿತು. ಆ ಗೋಣಿಬಟ್ಟೆಯಿಂದ ಕಿರಿಯವನು ಎಲ್ಲಿ ಸಾಯುತ್ತಾನೋ ಎಂಬ ಭಯಕ್ಕೆ ತಾನೆ ಅಷ್ಟೆಲ್ಲ ಮಾಡಿದ್ದು? ಅದೇ ಎಲ್ಲರ ಬಾಯಲ್ಲಿ ನಗೆಯಾಯಿತು. ದಿನ ಕಳೆದಂತೆ ಆ ನಗು ಅವನ ಕಿವಿಯಲ್ಲಿ ಕಡಿಮೆಯಾಗಲಿಲ್ಲ, ಹೆಚ್ಚಾಯಿತು.

ತನ್ನ ಪಾಳಿ ಮುಗಿದ ಬೆಳಿಗ್ಗೆ ಅವನು ಲಾರಿಯೊಳಗೆ ಮಂಡಿಯೂರಿ ಕೂತು ಸ್ಕ್ರೂಗಳನ್ನು ಬಿಚ್ಚಿದ. ತಗಡಿನ ಬಳೆ, ಚರ್ಮ, ಕಂಬಳಿಯ ತುಂಡು, ಟ್ಯೂಬಿನ ಪಟ್ಟಿ ಎಲ್ಲವನ್ನೂ ತೆಗೆದ. ನೆಲವನ್ನು ಚೊಕ್ಕಟವಾಗಿ ಗುಡಿಸಿದ. ಅವನ ಮನಸ್ಸಿನಲ್ಲಿ ಕೇಡಿರಲಿಲ್ಲ. ಒಂದೆರಡು ದಿನ ಅವನೂ ಹೊಗೆ ಕುಡಿಯಲಿ, ಆಗ ಕೆಲಸದ ಬೆಲೆ ಗೊತ್ತಾಗುತ್ತದೆ, ತಾನಾಗಿ ಬಂದು ಕೇಳುತ್ತಾನೆ, ಕೇಳಿದ ಕೂಡಲೇ ಹಾಕಿಕೊಟ್ಟರಾಯಿತು ಎಂದುಕೊಂಡ. ನನ್ನ ಚರ್ಮ, ನನ್ನ ಹೊಲಿಗೆ, ನನ್ನ ಮನೆಗೆ ತಂದುಕೊಂಡೆ ಎಂದು ಅವನ್ನು ಗೂಟಕ್ಕೆ ತೂಗುಹಾಕಿದ.

ಕಿರಿಯವನು ಬಂದ. ಬಾಗಿಲು ತೆರೆದು ಒಳಗೆ ನೋಡಿದ.

"ಗೇರ್ ಬುಡದ್ದು ಎಲ್ಲಿ ಹೋಯ್ತಣ್ಣ?"

ಹಿರಿಯವನು ಈ ಪ್ರಶ್ನೆಗೆ ಮಾತು ಸಿದ್ಧ ಮಾಡಿಕೊಂಡಿದ್ದ. ದರ್ಜಿ ಒಯ್ದ ಎನ್ನಬೇಕೆಂದಿದ್ದ. ಕಿರಿಯವನ ಮುಖದಲ್ಲಿ ಏನೂ ಇರಲಿಲ್ಲ. ಅವನು ಸುಮ್ಮನೆ ಕೇಳಿದ್ದ. ಹಿರಿಯವನ ಬಾಯಿಂದ ಬೇರೆಯೇ ಮಾತು ಬಂತು.

"ಹರಿದಿತ್ತು. ಹೊಲಿಯೋಕೆ ತೆಗೆದಿದ್ದೀನಿ."

"ಸರಿ ಬಿಡು, ಅವಸರವೇನಿಲ್ಲ. ಮೊದಲೆಲ್ಲ ಅದಿಲ್ಲದೇ ಓಡಿಸ್ತಿರಲಿಲ್ಲವೇ?" ಎಂದು ಕಿರಿಯವನು ಒಂದು ಗೋಣಿಚೀಲವನ್ನು ತೂತುಗಳ ಮೇಲೆ ಹಾಸಿಕೊಂಡು ಹೊರಟುಹೋದ.

ಹಿರಿಯವನಿಗೆ ಇನ್ನಷ್ಟು ಕೋಪ ಬಂತು. ಅವನಿಗೆ ನಾಟಲೇ ಇಲ್ಲವಲ್ಲ ಎನಿಸಿತು.

ಸಂಜೆ ಕಿರಿಯವನು ಲಾರಿ ನಿಲ್ಲಿಸಿ ಇಳಿದಾಗ ಅವನ ಕಣ್ಣು ಕೆಂಪಾಗಿದ್ದವು. ಕಟ್ಟೆಯ ಮೇಲೆ ಕೂತು ಎರಡು ಕೈಯಲ್ಲೂ ತಲೆ ಒತ್ತಿಕೊಂಡ.

"ತಲೆ ಸಿಡೀತಾ ಇದೆಯಣ್ಣ. ಅಭ್ಯಾಸ ತಪ್ಪಿಹೋಗಿದೆ, ಹೊಗೆ ತಡಕೊಳ್ಳೋಕೆ ಆಗ್ತಿಲ್ಲ. ನಿನ್ನ ಹೊಲಿಗೆ ಯಾವಾಗ ಮುಗಿಯುತ್ತೆ?"

"ನೋಡೋಣ" ಎಂದ ಹಿರಿಯವನು.

ಹಾಗೆ ಎನ್ನುವಾಗ ಅವನ ಎದೆಯಲ್ಲಿ ಒಂದು ತಂಪು ಸುಳಿಯಿತು. ಅದು ಅವನಿಗೆ ಹಿತವಾಯಿತು. ಇನ್ನೊಂದು ದಿನ ಆಗಲಿ ಎಂದುಕೊಂಡ.

ಅವನ ಹೆಂಡತಿ ಗೂಟದ ಮೇಲಿದ್ದ ಚರ್ಮವನ್ನು ನೋಡಿದ್ದಳು. ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು.

"ಇದು ಎಲ್ಲೂ ಹರಿದಿಲ್ಲವಲ್ಲ. ಇಲ್ಲಿಗೆ ಯಾಕೆ ಬಂತು?"

"ನನ್ನದು. ನಾನು ತಂದುಕೊಂಡೆ."

ಅವಳಿಗೆ ಅರ್ಥವಾಯಿತು. "ಅವನು ಹುಡುಗ" ಎಂದಳು. "ಬಾಯಿ ತಪ್ಪಿ ಏನೋ ಆಡಿದ. ಆಡಿದ್ದು ಅವನಿಗೆ ನೆನಪೂ ಇರಲ್ಲ."

"ಅದೇ. ಅವನಿಗೆ ನೆನಪಿಲ್ಲ."

ಅವಳು ಚರ್ಮವನ್ನು ಗೂಟಕ್ಕೆ ಹಾಕಿ ಒಳಗೆ ಹೋದಳು. ಮುಂದೆ ಅವಳು ತನ್ನನ್ನು ತಾನು ಕೇಳಿಕೊಂಡದ್ದು ಇದೊಂದೇ. ಅದನ್ನು ಆಗಲೇ ಕೈಯಲ್ಲಿ ಹಿಡಿದು ತಂಗಿಯ ಮನೆಗೆ ಯಾಕೆ ನಡೆಯಲಿಲ್ಲ ಎಂದು.

ಮಾರನೆಯ ಬೆಳಿಗ್ಗೆ ದಟ್ಟವಾಗಿ ಮಂಜು ಬಿದ್ದಿತ್ತು. ಕಿರಿಯವನು ಕಲ್ಲು ಹೇರಿಸಿಕೊಂಡು ಗುಡ್ಡ ಹತ್ತಿಸಿದ. ಚಳಿಗೆ ಗಾಜು ಮೇಲಕ್ಕೆ ಏರಿಸಿದ್ದ. ತುಂಬಿದ ಲಾರಿ ಸಣ್ಣ ಗೇರಿನಲ್ಲಿ ಉಸಿರು ಕಟ್ಟಿ ಏರುತ್ತಿತ್ತು. ಬೀಸುವ ಗಾಳಿ ಹಿಂದಿನಿಂದ ಬರುತ್ತಿತ್ತು. ಬಾಯಿಬಿಟ್ಟ ಪೈಪಿನ ಹೊಗೆಯೆಲ್ಲ ಗೋಣಿಚೀಲದ ಸಂದಿನಿಂದ ಮೇಲೆ ಬಂತು. ಮೊದಲಿನ ಹಾಗೆ ಹೊರಗೆ ಹೋಗಲು ಅದಕ್ಕೆ ದಾರಿಯಿರಲಿಲ್ಲ.

ತಲೆ ಸುತ್ತಿರಬೇಕು. ಗುಡ್ಡದ ನೆತ್ತಿಯ ಸಮತಟ್ಟಿನಲ್ಲಿ ಅವನು ಲಾರಿಯನ್ನು ರಸ್ತೆಯ ಬದಿಗೆ ತೆಗೆದ. ಹ್ಯಾಂಡ್‌ಬ್ರೇಕು ಪೂರ್ತಿ ಎಳೆದ. ಒಂದು ಗಳಿಗೆ ಕಣ್ಣು ಮುಚ್ಚಿದರೆ ಸರಿಹೋದೀತು ಎಂದು ಸ್ಟಿಯರಿಂಗಿನ ಮೇಲೆ ತಲೆಯಿಟ್ಟ. ಇಂಜಿನ್ನು ಓಡುತ್ತಲೇ ಇತ್ತು.

ಗಾಡಿಗಳು ಪಕ್ಕದಲ್ಲೇ ಹೋದವು. ದಣಿದ ಡ್ರೈವರು ಮಲಗಿದ್ದಾನೆ ಎಂದು ಯಾರೂ ನಿಲ್ಲಲಿಲ್ಲ. ಬಿಸಿಲೇರಿ ಮಂಜು ಕರಗಿದ ಮೇಲೆ ಒಬ್ಬ ಕುರಿ ಕಾಯುವವನು ಬೆಂಕಿಪೊಟ್ಟಣ ಕೇಳಲು ಬಂದು ಗಾಜು ತಟ್ಟಿದ. ಒಳಗಿದ್ದವನು ಏಳಲಿಲ್ಲ.

ಹಿರಿಯವನಿಗೆ ಹೇಳಿಕಳಿಸಿದರು. ಅವನು ಹೋಗುವಷ್ಟರಲ್ಲಿ ಕಿರಿಯವನನ್ನು ಇಳಿಸಿ ಹುಲ್ಲಿನ ಮೇಲೆ ಮಲಗಿಸಿದ್ದರು. ಅವನ ಮುಖ ಕೆಂಪಾಗಿತ್ತು, ಬಿಸಿಲಿನಲ್ಲಿ ಆಡಿ ಬಂದ ಮಗುವಿನ ಹಾಗೆ. ಸತ್ತವರ ಮುಖ ಹಾಗಿರುವುದನ್ನು ಹಿರಿಯವನು ಕಂಡಿರಲಿಲ್ಲ. ಭುಜ ಹಿಡಿದು ಅಲುಗಿಸಿದ. ಕರೆದ. ಸುತ್ತಲಿದ್ದವರು ಅವನನ್ನು ಹಿಡಿದು ಆಚೆಗೆ ಕೂರಿಸಿದರು.

ಆಮೇಲೆ ಅವನು ಎದ್ದು ಲಾರಿಯ ಬಾಗಿಲ ಬಳಿಗೆ ಹೋದ. ಗೋಣಿಚೀಲ ಒಂದು ಪಕ್ಕಕ್ಕೆ ಸರಿದಿತ್ತು. ತೂತಿನ ಮೂಲಕ ಕೆಳಗೆ ರಸ್ತೆಯ ಜಲ್ಲಿ ಕಾಣುತ್ತಿತ್ತು.

ಗಾಡಿ ಪರೀಕ್ಷೆ ಮಾಡುವ ಅಧಿಕಾರಿ ಬಂದ. ಕೆಳಗೆ ಬಗ್ಗಿ ಪೈಪು ನೋಡಿದ. ಬಾಗಿಲು ಮುಚ್ಚಿ ತೆಗೆದು ನೋಡಿದ.

"ಪೈಪು ಹೋಗಿದೆ. ಹೊಗೆ ಒಳಗೆ ತುಂಬಿಕೊಂಡಿದೆ. ಇಷ್ಟು ಹಳೇ ಗಾಡಿಗೆ ಇಷ್ಟು ಬಿಗಿಯಾಗಿ ಗಾಜು ಯಾರು ಹಾಕಿಸಿದ್ದು?"

"ಅವನೇ" ಎಂದರು ಯಾರೋ.

ಆ ಮಾತು ಅಲ್ಲಿಂದ ಊರಿಗೆ ಬಂತು. ತಾನೇ ಹಾಕಿಸಿದ ಗಾಜು ತನ್ನನ್ನೇ ತಿಂದಿತು ಎಂದು ಎಲ್ಲರೂ ಹೇಳಿದರು. ಮಣ್ಣಿಗೆ ಬಂದವರು ಹೇಳಿದರು, ಸಾವಿನ ಮನೆಗೆ ಮಾತಾಡಿಸಲು ಬಂದವರು ಹೇಳಿದರು. ಹಿರಿಯವನು ಅಲ್ಲೇ ಕೂತು ಕೇಳಿದ. ಅವನು ಆಹಾರ ಬಿಟ್ಟಿದ್ದ. ಒಡಹುಟ್ಟಿದವನಿಗೂ ಯಾರೂ ಇಷ್ಟು ಸಂಕಟಪಡುವುದಿಲ್ಲ ಎಂದು ಜನ ಅವನ ಬೆನ್ನು ಸವರಿದರು. ಅವನ ಸಂಕಟ ಸುಳ್ಳಾಗಿರಲಿಲ್ಲ.

ಎರಡು ಮನೆಗೂ ಅನ್ನ ಬೇಕಿತ್ತು. ಕರ್ಮ ಮುಗಿದ ಮೇಲೆ ಹಿರಿಯವನು ಲಾರಿಯ ಹೊಗೆ ಪೈಪು ಬದಲಿಸಿದ. ಗೂಟದಿಂದ ಚರ್ಮ ತೆಗೆದ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವನು ಅದೇ ಕಂಬಳಿಯ ತುಂಡು, ಅದೇ ಬಳೆ, ಅದೇ ಸ್ಕ್ರೂಗಳನ್ನು ಅದೇ ಜಾಗದಲ್ಲಿ ಕೂರಿಸಿದ. ಚರ್ಮ ಸರಿಯಾಗಿ ಕೂತಿತು.

ತಂಗಿಯನ್ನು ತವರಿಗೆ ಕಳಿಸಬೇಕಾಯಿತು. ಹಿರಿಯವನೇ ಲಾರಿಯಲ್ಲಿ ಕರೆದುಕೊಂಡು ಹೊರಟ. ಕಿಟಕಿಯ ಬಳಿ ಅಕ್ಕ ಕೂತಳು. ನಡುವೆ ತಂಗಿ, ಅವಳ ಮಡಿಲಲ್ಲಿ ಮಗು. ದಾರಿಯಲ್ಲಿ ಅವಳ ಕಣ್ಣು ಗೇರ್ ರಾಡಿನ ಬುಡಕ್ಕೆ ಹೋಯಿತು. ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಬಗ್ಗಿ ಕೈಯಿಂದ ಮುಟ್ಟಿದಳು.

"ಇದೇ ಅಲ್ಲವೇ ಭಾವ, ಹರಿದಿತ್ತು ಅಂತ ತೆಗೆದದ್ದು? ಅವರು ಹೇಳಿದ್ದರು. ಅಣ್ಣ ಹೊಲೀತಿದಾನೆ, ಇನ್ನೇನು ಮುಗಿಯುತ್ತೆ ಅಂತ."

ಹಿರಿಯವನು ರಸ್ತೆಯನ್ನು ನೋಡುತ್ತಿದ್ದ.

"ಎಲ್ಲಿ ಹರಿದಿತ್ತು? ಗುರುತೇ ಸಿಗ್ತಿಲ್ಲ. ಅಷ್ಟು ಚೆನ್ನಾಗಿ ಹೊಲಿದಿದ್ದೀರಿ." ಅವಳು ಬೆರಳನ್ನು ಮಡಿಕೆಯಿಂದ ಮಡಿಕೆಗೆ ಆಡಿಸಿದಳು. "ನೀವು ಮನಸ್ಸಿಗೆ ಹಚ್ಚಿಕೋಬೇಡಿ ಭಾವ. ಒಂದು ದಿನ ಮೊದಲು ಮುಗಿದಿದ್ದರೆ ಅಂತ ನೀವು ಒಳಗೇ ಕೊರಗ್ತಾ ಇದ್ದೀರಿ, ನನಗೆ ಗೊತ್ತು. ಕೆಲಸ ಅಂದ ಮೇಲೆ ಹೊತ್ತು ಹಿಡಿಯುತ್ತೆ. ತಪ್ಪು ನನ್ನದು. ಗಾಜು ಹಾಕಿಸಿ ಗಾಜು ಹಾಕಿಸಿ ಅಂತ ಅವರ ಪ್ರಾಣ ತಿಂದವಳು ನಾನು."

ಹಿರಿಯವನ ಕೈ ಗೇರ್ ರಾಡಿನ ಮೇಲಿತ್ತು. ನಿಜ ಹೇಳಿದರೆ ಅವಳ ತಲೆಯ ಮೇಲಿನ ಕಲ್ಲು ಆ ಗಳಿಗೆಯಲ್ಲೇ ಇಳಿಯುತ್ತಿತ್ತು. ಹೇಳಿದರೆ ಅವಳು ಮತ್ತೆ ತನ್ನನ್ನು ಭಾವ ಎನ್ನುವುದಿಲ್ಲ ಎಂಬುದೂ ಅವನಿಗೆ ಹೊಳೆಯಿತು. ಅಕ್ಕ ಏನಾದರೂ ಹೇಳುತ್ತಾಳೋ ಎಂದು ಕಾದ. ಅಕ್ಕ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡಿದ್ದಳು. ಅವಳೂ ಅವನು ಹೇಳುತ್ತಾನೋ ಎಂದು ಕಾಯುತ್ತಿದ್ದಳು.

ಇಳಿಜಾರು ಬಂತು. ಅವನು ಗೇರು ಬದಲಿಸಿದ.

ತವರಿನ ಬಾಗಿಲಲ್ಲಿ ತಂಗಿಯನ್ನು ಇಳಿಸಿದರು. ಹಿಂದಿರುಗುವಾಗ ಗಂಡಹೆಂಡತಿ ಇಬ್ಬರೇ ಇದ್ದರು. ಊರು ಹತ್ತಿರವಾದಾಗ ಅವಳು ಒಂದೇ ಮಾತು ಕೇಳಿದಳು.

"ಅವಳಿಗೆ ಯಾಕೆ ಹೇಳಲಿಲ್ಲ?"

"ನೀನು ಯಾಕೆ ಹೇಳಲಿಲ್ಲ?" ಎಂದ ಅವನು.

ಅಂದಿನಿಂದ ಆ ಮನೆಯಲ್ಲಿ ಊಟಕ್ಕೆ ಬಡಿಸುವುದಿತ್ತು, ಎದುರು ಕೂತು ಮಾತಾಡುವುದಿರಲಿಲ್ಲ.

ಹಿರಿಯವನು ಇಬ್ಬರ ಪಾಳಿಯನ್ನೂ ಒಬ್ಬನೇ ಓಡಿಸಿದ. ತಂಗಿ ತವರಿನಿಂದ ಬಂದಳು. ಅವಳ ಮನೆಗೆ ಕಾಳುಕಡ್ಡಿ ತಪ್ಪದಂತೆ ನೋಡಿಕೊಂಡ. ಮಗುವನ್ನು ಶಾಲೆಗೆ ಹಾಕಿದ, ಕಾಯಿಲೆ ಬಿದ್ದಾಗ ಹೊತ್ತುಕೊಂಡು ಓಡಿದ. ಹುಡುಗ ಅವನನ್ನು ದೊಡ್ಡಪ್ಪ ಎಂದು ಕರೆಯುತ್ತಾ ಅವನ ಹೆಗಲ ಮೇಲೇ ಬೆಳೆದ. ಇಂಥ ಭಾವ ಯಾರಿಗಿದ್ದಾನೆ ಎಂದು ತಂಗಿ ಕಂಡಕಂಡವರಿಗೆ ಹೇಳುತ್ತಿದ್ದಳು. ತನ್ನ ಬಗ್ಗೆ ಮಾತು ಬಂದರೆ, ಗಂಡನನ್ನು ತಿಂದುಕೊಂಡವಳು ನಾನು ಎನ್ನುತ್ತಿದ್ದಳು. ಮುಚ್ಚಿದ ಕೋಣೆಗೆ ಹೆದರುವವಳಾದಳು. ಮಾಗಿಯ ಚಳಿಯಲ್ಲೂ ಮನೆಯ ಕಿಟಕಿ ಮುಚ್ಚಲು ಯಾರನ್ನೂ ಬಿಡುತ್ತಿರಲಿಲ್ಲ. ಒಂದು ಚಳಿಗಾಲ ಅವಳ ಎದೆಗೆ ಕಫ ಕಟ್ಟಿತು. ವೈದ್ಯರು ಬೆಚ್ಚಗಿರಬೇಕು ಎಂದರು. ಅವಳು ಕೇಳಲಿಲ್ಲ.

ಹಿರಿಯವನು ಅವಳ ಹಾಸಿಗೆಯ ಪಕ್ಕದಲ್ಲಿ ಕೂತ. ಈಗಲಾದರೂ ಹೇಳಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದ.

"ತಪ್ಪು ಗಾಜಿನದಲ್ಲಮ್ಮ" ಎಂದ.

ಅವಳು ಅವನ ಕೈ ಹಿಡಿದುಕೊಂಡಳು. "ನನಗೆ ಸಮಾಧಾನ ಹೇಳೋಕೆ ನೀವು ಏನು ಬೇಕಾದರೂ ಹೇಳ್ತೀರಿ" ಎಂದಳು. "ನೀವು ದೇವರಂಥವರು."

ಅವನು ಮುಂದಿನ ಮಾತು ಆಡಲಿಲ್ಲ. ಅವಳು ಆ ಚಳಿಗಾಲ ದಾಟಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಬತ್ತಿಗಳನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು.

ಮರುಳಸಿದ್ಧ ಕಾದು ನೋಡಿದ. ಕತೆ ಮುಗಿದಿದೆ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಅವನು ಸುಳ್ಳು ಹೇಳಿದ್ದು ತಪ್ಪು ಗುರುಗಳೇ, ಒಪ್ಪುತ್ತೇನೆ" ಎಂದ. "ಆಮೇಲೆ ಬಾಯಿ ಮುಚ್ಚಿಕೊಂಡದ್ದೂ ತಪ್ಪು. ಆದರೆ ಚರ್ಮ ತೆಗೆದದ್ದು? ಅದು ಅವನ ತಂದೆಯದು. ಹೊಲಿದವನು ಅವನೇ. ಅವನದನ್ನು ಅವನು ತೆಗೆದುಕೊಂಡ, ಅಲ್ಲವೇ?"

ಗುರುಗಳು ತಲೆಯೆತ್ತದೆ ಹೇಳಿದರು: "ಚರ್ಮ ಅವನದೇ ಮಗು, ತೆಗೆದ ಮೇಲೆ ಉಳಿದ ತೂತು ಯಾರದು?"